ಚೌಕಿಯಲ್ಲಿ ಕಂಡ ಬಾಹುಕ

ಮಹಾಭಾರತದ ಅರಸರಲ್ಲಿ ಅಡಿಗೆಗೆ ಹೆಸರಾದವರು ಇಬ್ಬರು. ವಿರಾಟನ ಪಾಕಶಾಲೆಯಲ್ಲಿ ವಲಲನೆಂಬ ಹೆಸರಿನಿಂದ ಸೌಟು ಹಿಡಿದ ಭೀಮನು ಒಬ್ಬ. ಅಯೋಧ್ಯೆಯ ಋತುಪರ್ಣನಲ್ಲಿ ಬಾಹುಕನೆಂಬ ಹೆಸರಿನಿಂದ ಚಾಕರಿಗೆ ನಿಂತ ನಳನು ಇನ್ನೊಬ್ಬ. ಭೀಮನು ಅಡಿಗೆಮನೆಯಲ್ಲಿದ್ದರೂ ಭೀಮನೇ. ಅವನ ತೋಳುಗಳನ್ನು ಯಾವ ಬಟ್ಟೆಯೂ ಮುಚ್ಚಲಾರದು. ನಳನ ಕಥೆ ಹಾಗಲ್ಲ. ಕಾಳ್ಗಿಚ್ಚಿನಿಂದ ತಾನೇ ಬದುಕಿಸಿದ ಕಾರ್ಕೋಟಕನು ಕಚ್ಚಿದೊಡನೆ ರೂಪವೆಲ್ಲ ಅಳಿದು, ಕೈ ಗಿಡ್ಡವಾಗಿ, ಮೈ ಗೂನಾಗಿ, ಕಂಡವರು ನಗುವಂತಹ ಆಳಾಗುತ್ತಾನೆ. ನಮ್ಮ ಯಕ್ಷಗಾನದ ಹಿರಿಯರು ಇಲ್ಲಿ ಒಂದು ಬುದ್ಧಿವಂತಿಕೆಯನ್ನು ತೋರಿದ್ದಾರೆ. ಕಿರೀಟದ ನಳನು ಒಳಗೆ ಹೋಗುತ್ತಾನೆ. ಹೊರಗೆ ಬರುವ ಬಾಹುಕನು ಮೇಳದ ಹಾಸ್ಯಗಾರ. ಅರಸನ ದುಃಖವನ್ನು ಉಳಿದ ರಾತ್ರಿಯೆಲ್ಲ ಹೊರಬೇಕಾದವನು ನಗಿಸುವವನು.

ಪರಊರಿನ ಅಡಿಗೆಮನೆಗಳಲ್ಲಿ ದುಡಿಯುವ ನಮ್ಮವರು ಈ ಬಾಹುಕನನ್ನು ಮೆಚ್ಚಿದಷ್ಟು ಬೇರೆ ಯಾವ ವೇಷವನ್ನೂ ಮೆಚ್ಚಿಲ್ಲವೆಂದು ನನ್ನ ನಂಬಿಕೆ. ಮೂಲ ಮಹಾಭಾರತದಲ್ಲಿಯೇ ಒಂದು ಮಾತು ಬರುತ್ತದೆ. ಬಾಹುಕನು ಪ್ರತಿದಿನವೂ ಕೆಲಸ ಮುಗಿದ ಮೇಲೆ, ಸಂಜೆಯ ಹೊತ್ತಿನಲ್ಲಿ, ಅಗಲಿದ ಹೆಂಡತಿಯನ್ನು ನೆನೆದು ಒಂದೇ ಶ್ಲೋಕವನ್ನು ಹೇಳಿಕೊಳ್ಳುತ್ತಿದ್ದನಂತೆ. ಜೊತೆಗೆ ಮಲಗುವ ಜೀವಲನೆಂಬ ಆಳು ಒಂದು ರಾತ್ರಿ, ಅದು ಯಾರ ವಿಷಯ ಎಂದು ಕೇಳುತ್ತಾನೆ. ಯಾವನೋ ಒಬ್ಬ ಮಂದಬುದ್ಧಿಯವನ ವಿಷಯ ಎಂದು ಬಾಹುಕನು ಜಾರಿಕೊಳ್ಳುತ್ತಾನೆ. ಹೋಟೇಲಿನ ಶಟರು ಎಳೆದ ಮೇಲೆ ಮೇಜುಗಳನ್ನು ಜೋಡಿಸಿ, ಅದರ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಈ ಸನ್ನಿವೇಶವನ್ನು ಯಾವ ಪಂಡಿತನೂ ವಿವರಿಸಿ ಹೇಳಬೇಕಾಗಿಲ್ಲ.

ಯಕ್ಷಗಾನದಲ್ಲಿ ಅರ್ಥಕ್ಕೆ ಬರೆದಿಟ್ಟ ಪಾಠವಿಲ್ಲ. ಪದವು ಕವಿಯದು, ರಾಗವು ಭಾಗವತರದು. ಮಾತು ಮಾತ್ರ ಆ ರಾತ್ರಿ ಆ ಕಲಾವಿದನಿಗೆ ಹೊಳೆದದ್ದು. ಎದುರು ಪಾತ್ರಧಾರಿಯು ಪುರಾಣವನ್ನು ಹಿಡಿದು ನಡೆಯಬಹುದು, ಉಪನಿಷತ್ತನ್ನೂ ತರಬಹುದು. ಹಾಸ್ಯಗಾರನಿಗೆ ಅಂತಹ ಊರುಗೋಲಿಲ್ಲ. ದೂತ, ದ್ವಾರಪಾಲಕ, ಕಂಸನ ಅಗಸ, ಕೃಷ್ಣನ ಸಾರಥಿ ದಾರುಕ, ಚಂದ್ರಾವಳಿಯ ಗಂಡ ಚಂದಗೋಪ, ಮೂಲೆಯ ಅಜ್ಜಿ, ಇವರೆಲ್ಲರೂ ಅವನ ಪಾಲಿಗೆ ಬಂದವರು. ದೊಡ್ಡವರ ಮುಂದೆ ನಿಂತು ದೊಡ್ಡವರಿಗೆ ತಾಗುವ ಮಾತನ್ನು ಸಣ್ಣವನಂತೆ ಆಡುವುದು ಅವನ ಕೆಲಸ. ಪೆರುವೋಡಿ ನಾರಾಯಣ ಭಟ್ಟರ ಪಾಪಣ್ಣನನ್ನು ಕಂಡವರು ಇಂದಿಗೂ ಆ ಹೆಸರನ್ನೆತ್ತಿದೊಡನೆ ನಗುತ್ತಾರೆ. ಬಂಟ್ವಾಳ ಜಯರಾಮ ಆಚಾರ್ಯರು 2024ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ವಾರ್ತೆ ಬಂದ ದಿನ ನಮ್ಮ ಗಲ್ಲಾದ ಮುಂದೆ ನಿಂತು ಎಷ್ಟು ಮಂದಿ ಅವರ ಮಾತುಗಳನ್ನು ನೆನೆದು ನಕ್ಕರೆಂದರೆ, ನಗುತ್ತ ಶೋಕಿಸುವುದು ಇದೇ ಇರಬೇಕೆಂದುಕೊಂಡೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಿತು. ಕಲೆಯ ಮಾನವು ಹೆಚ್ಚಿದೆ, ಸಂತೋಷ. ಹಾಸ್ಯಗಾರನ ಮಾನವನ್ನು ಅಳೆಯುವ ಕೋಲು ಮಾತ್ರ ಇಂದಿಗೂ ಒಂದೇ: ಹಿಂದಿನ ಸಾಲಿನಿಂದ ನಗೆ ಬಂತೇ, ಇಲ್ಲವೇ?

ಈ ಹಿಂದಿನ ಸಾಲಿನ ವಿಷಯವಾಗಿಯೇ ಈ ಲೇಖನ.

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳಗಳು ದೀಪಾವಳಿಯ ಸುಮಾರಿನವರೆಗೆ ತಿರುಗಾಟಕ್ಕೆ ಹೊರಡುವುದಿಲ್ಲ. ಮೇ ತಿಂಗಳ ಕೊನೆಯ ವಾರದಿಂದ ಐದಾರು ತಿಂಗಳು ಕಲಾವಿದನಿಗೆ ಸಂಬಳವೆಂಬುದಿಲ್ಲ. ಆ ಮಳೆಗಾಲದಲ್ಲಿ ಕೆಲವರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುವ ರೂಢಿಯು ಹಳೆಯದು. ನಾನು 1996ರಲ್ಲಿ ಹದಿನೈದರ ಹುಡುಗನಾಗಿ ಈ ಊರಿಗೆ ಬಂದು, ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಬಂದ ಮರುವರ್ಷ ಉಪನಗರದ ಒಂದು ಶಾಲೆಯ ಅಂಗಳದಲ್ಲಿ ಇಡೀ ರಾತ್ರಿಯ ‘ನಳ ದಮಯಂತಿ’ ಆಟವಾಯಿತು. ಒಂಬತ್ತೂವರೆಗೆ ಚೆಂಡೆ ಕೇಳಿಸಿದರೂ ನಮ್ಮ ಹೋಟೇಲಿನಲ್ಲಿ ಆಗ ಊಟದ ಗದ್ದಲ. ಹನ್ನೊಂದಕ್ಕೆ ಶಟರು ಎಳೆದು, ಕೊನೆಯ ಪಾತ್ರೆ ಕವುಚಿ, ಐದು ಮಂದಿ ಓಡಿದೆವು. ತಡವಾಯಿತೆಂದು ನಾವು ಮರುಗಬೇಕಾಗಿರಲಿಲ್ಲ. ನಳನು ಜೂಜಾಡಿ ಸೋಲುವುದಕ್ಕೆ ಇನ್ನೂ ಸಮಯವಿತ್ತು. ಬಾಹುಕನು ಬಂದದ್ದು ರಾತ್ರಿ ಎರಡು ಗಂಟೆಗೆ. ಆಟವೇ ನಮ್ಮ ಡ್ಯೂಟಿಯನ್ನು ನೋಡಿ ಹೊಂದಿಸಿಕೊಂಡಂತೆ ಇತ್ತು.

ಅಂದಿನ ಬಾಹುಕನು ಋತುಪರ್ಣನ ಮುಂದೆ ಕೆಲಸ ಕೇಳಲು ನಿಂತ ಬಗೆಯು ಇಂದಿಗೂ ಕಣ್ಣಿಗೆ ಕಟ್ಟಿದೆ. ಏನೇನು ಅಡಿಗೆ ಬರುತ್ತದೆಂದು ಅರಸನು ಕೇಳಿದ. “ಉಣ್ಣುವವರು ಯಾರೆಂದು ಮೊದಲು ಅಪ್ಪಣೆಯಾಗಲಿ ಸ್ವಾಮೀ. ಹಸಿದವನಿಗಾದರೆ ಗಂಜಿ ಸಾಕು. ಹಸಿವಿಲ್ಲದವನಿಗೆ ಐವತ್ತು ಬಗೆ ಬೇಕು.” ಊರು ಯಾವುದು? “ಕೆಲಸ ಸಿಕ್ಕಿದ್ದೇ ಊರು.” ಮೊದಲಿನ ಧಣಿ ಯಾರು? ಬಾಹುಕನು ತುಸು ಸುಮ್ಮನಿದ್ದು, “ನಿಷಧದ ನಳನೆಂದು ಒಬ್ಬ. ಅಂಥಾ ಒಳ್ಳೆಯವನೇನಲ್ಲ ಸ್ವಾಮೀ. ಜೂಜಿನಲ್ಲಿ ಎಲ್ಲ ಕಳೆದುಕೊಂಡ. ನನ್ನ ಸಂಬಳವೂ ಅವನಲ್ಲಿ ಬಾಕಿ ಉಂಟು” ಎಂದ. ಹಿಂದಿನಿಂದ ನಾವು ಹೋ ಎಂದು ಕೂಗಿ ನಕ್ಕೆವು. ನಮ್ಮಲ್ಲಿ ಇಬ್ಬರಿಗೆ ಹಳೆಯ ಕಡೆಯ ಸಂಬಳ ಬಾಕಿಯಿತ್ತು.

ಆಮೇಲೆ ಒಲೆಯ ಮುಂದಿನ ಸನ್ನಿವೇಶ. ರಂಗಸ್ಥಳದಲ್ಲಿ ಒಲೆಯೂ ಇಲ್ಲ, ಊದುಕೊಳವೆಯೂ ಇಲ್ಲ, ಎಲ್ಲವೂ ಅಭಿನಯ. ಊದುತ್ತ ಊದುತ್ತ ಬಾಹುಕನು ಕಣ್ಣೊರಸಿಕೊಳ್ಳುತ್ತಾನೆ. ಏಕೆ ಅಳುತ್ತೀ ಎಂದು ಜೀವಲನು ಕೇಳುತ್ತಾನೆ. ಹೊಗೆ ಎನ್ನುತ್ತಾನೆ ಬಾಹುಕ. ಜೀವಲನು ಬಗ್ಗಿ ನೋಡಿ, “ಒಲೆಗೆ ಬೆಂಕಿಯನ್ನೇ ಹಾಕಿಲ್ಲವಲ್ಲಾ!” ಎನ್ನುತ್ತಾನೆ. ಮೊದಲು ನಗೆಯ ಅಲೆ ಎದ್ದಿತು, ಆಮೇಲೆ ಇಡೀ ಅಂಗಳವು ಸ್ತಬ್ಧವಾಯಿತು. ಹಿಮ್ಮೇಳದವರೂ ಕೈ ಬಿಗಿಹಿಡಿದು ಕುಳಿತಿದ್ದರು.

ಬೆಳಗಿನ ಜಾವ ಮಂಗಳವಾದೊಡನೆ ನಾವು ಐವರೂ ಚೌಕಿಗೆ ನುಗ್ಗಿದೆವು. ಬಾಹುಕನು ಬರಿಮೈಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತು, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು, ಮುಖದ ಸಫೇದವನ್ನೂ ಇಂಗಳೀಕವನ್ನೂ ಉಜ್ಜಿ ತೆಗೆಯುತ್ತಿದ್ದರು. ನಮ್ಮ ಊರುಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. “ನಿನ್ನದು ಏನು ಕೆಲಸ?” ಎಂದು ನನ್ನನ್ನು ಕೇಳಿದರು. “ಕ್ಲೀನರ್, ತೊಳೆಯುವುದು” ಎಂದೆ. “ನನ್ನದೂ ಅದೇ ಅಲ್ವಾ? ಬೆಳಗಾಗುವಾಗ ತೊಳೆಯುವುದು” ಎಂದು ಎಣ್ಣೆಯ ಮುಖವನ್ನು ತೋರಿದರು. ಮೊದಲ ಲೋಕಲು ಹಿಡಿದು ನೇರವಾಗಿ ಹೋಟೇಲಿಗೆ ಹೋಗಿ ಚಹಾಕ್ಕೆ ನೀರಿಟ್ಟೆವು. ನಿದ್ದೆಯಿಲ್ಲದ ಆ ಹಗಲು ಯಾರೂ ಒಂದು ಗ್ಲಾಸು ಒಡೆಯಲಿಲ್ಲ.

ಇನ್ನು ಇತ್ತೀಚಿನ ಸಂಗತಿ. ಕಳೆದ ಮಳೆಗಾಲದಲ್ಲಿ ಮಾಟುಂಗದ ಒಂದು ಸಭಾಗೃಹದಲ್ಲಿ ಅದೇ ಪ್ರಸಂಗ, ಅದೇ ಹಾಸ್ಯಗಾರರು. ರವಿವಾರ ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ. ನಡುವೆ ಒಂದು ಗಂಟೆ ಸನ್ಮಾನ, ಅರ್ಧ ಗಂಟೆ ಭಾಷಣ. (ಸನ್ಮಾನದ ಶಾಲುಗಳನ್ನು ಎಣಿಸುತ್ತ ಕುಳಿತರೆ ಋತುಪರ್ಣನು ತಾರೆಮರದ ಎಲೆಗಳನ್ನು ಎಣಿಸಿದ್ದು ನೆನಪಾಗುತ್ತದೆ.) ಆಟಕ್ಕೆ ಉಳಿದದ್ದು ಮೂರೂವರೆ ಗಂಟೆ. ಋತುಪರ್ಣನ ಸಂದರ್ಶನವು ನಾಲ್ಕು ಮಾತಿನಲ್ಲಿ ಮುಗಿಯಿತು. ಜೀವಲನೆಂಬವನು ಬರಲೇ ಇಲ್ಲ. ಜೀವಲನಿಲ್ಲದ ಮೇಲೆ ಹೊಗೆಯ ಮಾತೂ ಇಲ್ಲ. ಒಲೆಯ ಅಭಿನಯವನ್ನು ಮಾತ್ರ ಹಾಸ್ಯಗಾರರು ಹೇಗೋ ಎರಡು ನಿಮಿಷಕ್ಕೆ ಉಳಿಸಿಕೊಂಡರು. ಗಿಡ್ಡ ಕೈಗಳಿಂದ ಒಲೆಯನ್ನು ಮುಟ್ಟಲು ಹೋಗುವುದು, ಊದಿದಾಗ ಬೂದಿ ಹಾರಿ ಮುಖಕ್ಕೆ ಬೀಳುವುದು, ಯಜಮಾನನು ಕಂಡನೇ ಎಂದು ಓರೆಗಣ್ಣಿನಿಂದ ನೋಡುವುದು, ಹೆಗಲ ಬಟ್ಟೆಯಿಂದ ಮುಖವನ್ನೂ ಅದೇ ಬಟ್ಟೆಯಿಂದ ತಟ್ಟೆಯನ್ನೂ ಒರಸಿ ಪುನಃ ಹೆಗಲಿಗೆ ಹಾಕಿಕೊಳ್ಳುವುದು. ಸಭೆಯು ತುಂಬಿತ್ತು, ಚಪ್ಪಾಳೆಗೆ ಕೊರತೆಯಿರಲಿಲ್ಲ.

ಆಟ ಮುಗಿದೊಡನೆ ಚೌಕಿಗೆ ಹೋದೆ. ನನ್ನ ಹಿಂದೆ ಫ್ಲಾಸ್ಕು ಹಿಡಿದು ನಮ್ಮ ಹೋಟೇಲಿನ ಹುಡುಗನೊಬ್ಬನಿದ್ದ. ಒಡಿಶಾದ ಕಡೆಯವನು. ನಮ್ಮ ಅಡಿಗೆಮನೆಗಳಲ್ಲಿ ಈಗ ಒಡಿಶಾದವರು, ಬಂಗಾಳದವರು, ನೇಪಾಳದವರು ಎಷ್ಟಿದ್ದಾರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹಾಸ್ಯಗಾರರಿಗೆ ಈಗ ಅರುವತ್ತು ದಾಟಿದೆ. ಹೆಸರನ್ನು ಅಚ್ಚು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಬರುವ ವರ್ಷದ ತಿರುಗಾಟದ ಮಾತು ಇನ್ನೂ ನಿಶ್ಚಯವಾಗಿಲ್ಲವಂತೆ. ಅದೇ ಪೆಟ್ಟಿಗೆ, ಅದೇ ತೆಂಗಿನೆಣ್ಣೆ. ತಟ್ಟೆ ತೊಳೆಯುವ ಮಾತನ್ನು ನೆನಪಿಸಿದೆ. ಅವರಿಗೆ ಅದು ನೆನಪಿರಲಿಲ್ಲ, ನೆನಪಿರಬೇಕಾದ ಕಾರಣವೂ ಇಲ್ಲ. ಕಾಫಿಯನ್ನು ಮಾತ್ರ ಸಂತೋಷದಿಂದ ತೆಗೆದುಕೊಂಡರು.

“ಒಳ್ಳೆಯ ನಗೆ ಬಂತು” ಎಂದೆ.

“ಬಂತು ಮಾರಾಯ್ರೇ. ಆದರೆ ಎರಡು ಸಲ ಬಂತು. ಮೊದಲು ಅಪ್ಪ ಅಮ್ಮ ನಗ್ತಾರೆ. ಮತ್ತೆ ಮಕ್ಕಳು ಏನೆಂದು ಕೇಳ್ತಾರೆ, ಅವರಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳ್ತಾರೆ. ಆಮೇಲೆ ಮಕ್ಕಳು ನಗ್ತಾರೆ. ಅಷ್ಟರಲ್ಲಿ ನಾನು ಮುಂದಿನ ಮಾತಿಗೆ ಹೋಗಿ ಆಗಿರ್ತದೆ.”

ಅವರು ಇದನ್ನು ದೂರಾಗಿ ಹೇಳಲಿಲ್ಲ. ಬಂದವರು ಮಕ್ಕಳನ್ನು ಕರೆದುಕೊಂಡು ಬಂದರಲ್ಲಾ, ಅದೇ ದೊಡ್ಡದು ಎಂದರು. ಆಮೇಲೆ ಕಪ್ಪು ಕೆಳಗಿಟ್ಟು ಕೇಳಿದರು: “ಹೋಟೇಲಿನವರು ಎಲ್ಲಿ? ಮೊದಲು ಹಿಂದೆ ನಿಂತುಕೊಂಡು ಇರ್ತಿದ್ದರಲ್ಲ, ಅವರು?”

ರವಿವಾರ ಸಂಜೆ ಆರು ಗಂಟೆಗೆ ಹೋಟೇಲಿನವನು ಎಲ್ಲಿರುತ್ತಾನೆ? ವಾರದಲ್ಲಿಯೇ ಹೆಚ್ಚು ಗಿರಾಕಿಗಳು ಬರುವ ಹೊತ್ತದು. ಒಂದು ಕೈಯಲ್ಲಿ ಮೂರು ದೋಸೆ, ಇನ್ನೊಂದರಲ್ಲಿ ಎರಡು ಸಾಂಬಾರು. ಕಾನೂನಿನ ಪ್ರಕಾರ ವಾರಕ್ಕೊಂದು ದಿನ ರಜೆ ಸಿಗಬೇಕು, ಸರಿಯಾಗಿ ನಡೆಯುವ ಕಡೆ ಸಿಗುತ್ತದೆ. ಆದರೆ ಅದು ಸೋಮವಾರವೋ ಬುಧವಾರವೋ ಆಗಿರುತ್ತದೆ, ರವಿವಾರವಲ್ಲ. ನಾನು ಇಷ್ಟನ್ನೇ ಹೇಳಿದೆ. ಹಾಸ್ಯಗಾರರು ತಲೆದೂಗಿದರು.

“ಹಾಗಾದರೆ ಇವತ್ತು ಹಿಂದಿನಿಂದ ಒಬ್ಬ ನಕ್ಕನಲ್ಲ, ಅವನು ಯಾರು?”

ನನಗೆ ತಿಳಿಯಲಿಲ್ಲ.

“ಬೂದಿ ಹಾರಿದಾಗ ಅಲ್ಲ. ಅದಕ್ಕೆ ಎಲ್ಲರೂ ನಕ್ಕರು. ಮುಖ ಒರಸಿದ ಬಟ್ಟೆಯಲ್ಲೇ ತಟ್ಟೆ ಒರಸಿದಾಗ. ಆಗ ಒಬ್ಬನೇ ನಕ್ಕ. ಬಾಗಿಲ ಹತ್ತಿರದಿಂದ.”

ಫ್ಲಾಸ್ಕು ಹಿಡಿದವನು ಹಲ್ಲು ಕಿರಿಯುತ್ತ ತಲೆ ತಗ್ಗಿಸಿದ. ಅವನಿಗೆ ಕನ್ನಡದಲ್ಲಿ ಬರುವುದು ‘ನೀರು’, ‘ಬಿಸಿ’, ‘ಬೇಗ’ ಎಂಬ ಮೂರು ಮಾತುಗಳು. ಹಾಸ್ಯಗಾರರು ಅವನನ್ನು ಹತ್ತಿರಕ್ಕೆ ಕರೆದು, ಮುರುಕು ಹಿಂದಿಯಲ್ಲಿ ಊರು ಕೇಳಿ, ಅರ್ಧ ಬಣ್ಣ ಉಳಿದ ಮುಖದಿಂದಲೇ ಪುನಃ ಒಮ್ಮೆ ಬಟ್ಟೆ ಒರಸುವುದನ್ನು ಅವನಿಗಾಗಿ ಮಾಡಿ ತೋರಿದರು. ಹುಡುಗನು, ಹಾಗಲ್ಲ ಎಂದು ಬಟ್ಟೆಯನ್ನು ಕೈಯಿಂದ ತೆಗೆದುಕೊಂಡು, ಮೊದಲು ಹಿಂದೆ ತಿರುಗಿ ನೋಡಿ, ಬಟ್ಟೆಯ ಇನ್ನೊಂದು ಮಗ್ಗುಲನ್ನು ಮಡಚಿ ಒರಸಿ ತೋರಿದ. ಹಾಸ್ಯಗಾರರು ಅದನ್ನು ಎರಡು ಸಲ ಮಾಡಿ ನೋಡಿದರು. “ಇದು ನನಗೆ ಹೊಳೆದಿರಲಿಲ್ಲ ಧನಿಗಳೇ. ನಲುವತ್ತು ವರ್ಷದಿಂದ ತಪ್ಪು ಒರಸುತ್ತಾ ಇದ್ದೇನೆ” ಎಂದರು.

ಹಾಸ್ಯಗಾರನು ಮಾತನ್ನೂ ಅಭಿನಯವನ್ನೂ ಎಲ್ಲಿಂದ ತರುತ್ತಾನೆಂಬುದು ನನಗೆ ಆ ಚೌಕಿಯಲ್ಲಿ ಕಂಡಿತು. ಅವನಿಗೆ ಪ್ರೇಕ್ಷಕನೇ ಗ್ರಂಥ. ಆ ಪ್ರೇಕ್ಷಕನು ಬಾರದೆ ಹೋದರೆ ಬಾಹುಕನಿಗೆ ಹೊಸ ಮಾತು ಹುಟ್ಟುವುದಿಲ್ಲ. ಹಳೆಯ ಮಾತನ್ನೇ ಸಮಯ ನೋಡಿಕೊಂಡು ಕತ್ತರಿಸಿ ಬಡಿಸಬೇಕಾಗುತ್ತದೆ. ಕಾಲಮಿತಿಯ ಆಟಗಳಿಂದ ಯಕ್ಷಗಾನ ಕೆಟ್ಟಿತೆಂದು ಕೂಗುವವರ ಪೈಕಿ ನಾನಲ್ಲ. ಮನೆಮಂದಿಯೆಲ್ಲ ಕೂಡಿ ಬಂದು, ಹತ್ತು ಗಂಟೆಗೆ ಮನೆ ಸೇರಬಹುದಾದ ಆಟ ಬೇಕೇ ಬೇಕು. ಊರಿನಲ್ಲಿಯೂ ಅನೇಕ ಮೇಳಗಳು ಆ ಕ್ರಮಕ್ಕೆ ಬಂದಿವೆ. ಆದರೆ ಸಂಕ್ಷೇಪ ಮಾಡುವಾಗ ಮೊದಲು ಕತ್ತರಿ ಬೀಳುವುದು ಆಳುಮಕ್ಕಳ ಸನ್ನಿವೇಶಗಳ ಮೇಲೆ. ಸ್ವಯಂವರ ಉಳಿಯುತ್ತದೆ, ಜೀವಲನು ಹೋಗುತ್ತಾನೆ. ಯಾವ ಆಟದಲ್ಲಿ ಜೀವಲನಿಗೆ ಜಾಗವಿಲ್ಲವೋ ಅದರ ಸಭೆಯಲ್ಲಿ ಜೀವಲನಂತಹವನಿಗೂ ಜಾಗ ಸಿಗದಿರುವುದು ಆಶ್ಚರ್ಯವಲ್ಲ.

ಆದುದರಿಂದ ನಮ್ಮ ಸಂಘಗಳ ಮುಂದೆಯೂ ಹೋಟೇಲು ಮಾಲಕರ ಮುಂದೆಯೂ ಒಂದು ಸೂಚನೆಯನ್ನಿಡುತ್ತೇನೆ. ವರ್ಷಕ್ಕೆ ಒಂದು ಆಟ, ಒಂದೇ ಒಂದು, ಹೋಟೇಲುಗಳು ಮುಚ್ಚಿದ ಮೇಲೆ ಆರಂಭವಾಗಲಿ. ರಾತ್ರಿ ಹನ್ನೆರಡಕ್ಕೆ ಚೆಂಡೆಗೆ ಕೋಲು ಬಿದ್ದು ಬೆಳಗಿನ ನಾಲ್ಕಕ್ಕೆ ಮಂಗಳವಾಗಲಿ. ಇದಕ್ಕೆ ಕಾನೂನು ಅಡ್ಡಬರುವುದೆಂದು ಕೆಲವರು ಹೇಳುತ್ತಾರೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ನಾನು ವಕೀಲರೊಬ್ಬರಿಂದ ಓದಿಸಿ ಕೇಳಿದ್ದೇನೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿರುವುದು ನಿಜ. ಹಬ್ಬಹರಿದಿನಗಳಿಗೆಂದು ರಾಜ್ಯ ಸರಕಾರವು ವರ್ಷದಲ್ಲಿ ಹೆಚ್ಚೆಂದರೆ ಹದಿನೈದು ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ಸಡಿಲಿಕೆ ಕೊಡಬಲ್ಲದು. ಬಯಲಿನಲ್ಲಿ ಇಡೀ ರಾತ್ರಿ ಆಡುವಂತಿಲ್ಲ, ಸರಿ. ಆದರೆ ಒಳಗಿನವರಿಗಷ್ಟೇ ಕೇಳಿಸುವಂತೆ ಮುಚ್ಚಿದ ಸಭಾಗೃಹದಲ್ಲಿ ನಡೆಸುವುದಕ್ಕೆ ಅದೇ ನಿಯಮದಲ್ಲಿ ಎಡೆಯುಂಟು. ಬಾಗಿಲು ಮುಚ್ಚಿರಬೇಕು, ಚೆಂಡೆಯ ಸದ್ದು ನೆರೆಯವರ ನಿದ್ದೆ ಕೆಡಿಸಬಾರದು, ಸಭಾಗೃಹದವರ ಒಪ್ಪಿಗೆಯೂ ಪೋಲೀಸರ ಪರವಾನಿಗೆಯೂ ಇರಬೇಕು. ಮೈಕು ಇಲ್ಲದೆಯೇ ಆಡಿದರೆ ಇನ್ನೂ ಒಳ್ಳೆಯದು. ನಮ್ಮ ಹಿರಿಯರ ಕಾಲದಲ್ಲಿ ಮೈಕು ಎಲ್ಲಿತ್ತು?

ಖರ್ಚಿನ ವಿಷಯಕ್ಕೆ ಬಂದರೆ, ಮಾಲಕರು ತಮ್ಮ ಹುಡುಗರ ಟಿಕೆಟನ್ನು ಕೊಂಡುಕೊಟ್ಟರೆ ಅರ್ಧ ಸಭೆ ತುಂಬುತ್ತದೆ. ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರಿಗೆ ಈ ಹೊತ್ತು ಅನುಕೂಲವಲ್ಲವೆಂದು ಬಲ್ಲೆ. ಶನಿವಾರ ರಾತ್ರಿಯಾದರೆ ಅವರೂ ಬರಬಹುದು, ಆದರೆ ಆಗ ಹೋಟೇಲಿನವನಿಗೆ ಮರುದಿನ ರವಿವಾರದ ದುಡಿತ. ಈ ಗಂಟನ್ನು ನಾನೊಬ್ಬನೇ ಬಿಡಿಸಲಾರೆ. ನನ್ನ ಅಭಿಪ್ರಾಯದಲ್ಲಿ ಸೋಮವಾರ ರಾತ್ರಿ ಮೇಲು. ವಾಚಕರು ಬೇರೆ ದಿನವನ್ನು ಸೂಚಿಸುವುದಾದರೆ ಕಾರ್ಡು ಬರೆಯಲಿ, ಅಚ್ಚು ಹಾಕುತ್ತೇವೆ.

ಹಾಸ್ಯಗಾರರೊಡನೆ ಈ ಮಾತನ್ನು ಅಂದೇ ಆಡಿದೆ. ಅಂತಹ ಆಟವಾದರೆ ತಾನು ಬರುವುದಾಗಿ ಒಪ್ಪಿದ್ದಾರೆ. ಸಂಭಾವನೆಯ ಮಾತನ್ನು ಅವರು ಎತ್ತಲಿಲ್ಲ. ಅದನ್ನು ನಾವು ಎತ್ತಬೇಕು, ಮತ್ತು ನಳನ ವೇಷಧಾರಿಗೆ ಕೊಡುವಷ್ಟೇ ಕೊಡಬೇಕು. ಅವರು ಹಾಕಿದ ಷರತ್ತುಗಳು ಮೂರು. ಜೀವಲನನ್ನು ಬಿಡಬಾರದು. ಬಾಹುಕನಿಗೆ ಒಂದೂವರೆ ಗಂಟೆ ಇರಬೇಕು, ಆ ನಡುವೆ ಯಾರಿಗೂ ಶಾಲು ಹೊದಿಸಕೂಡದು. ಮೂರನೆಯದನ್ನು ಹೇಳುವಾಗ ಅವರು ಪೆಟ್ಟಿಗೆಗೆ ಬೀಗ ಹಾಕುತ್ತಿದ್ದರು: ಸಭಾಗೃಹದ ಹಿಂಭಾಗದಲ್ಲಿ ನಾಲ್ಕು ಸಾಲು ಕುರ್ಚಿಗಳನ್ನು ತೆಗೆಸಬೇಕು, ತಡವಾಗಿ ಬಂದವರಿಗೆ ನಿಂತುಕೊಳ್ಳುವುದಕ್ಕೆ.